ಗಂಗಮ್ಮನ ಹಾಜರಿ

ತೊಳೆದ ಸ್ಟೀಲ್ ತಟ್ಟೆಯನ್ನು ಗಂಗಮ್ಮ ಬೆಳಕಿಗೆ ಹಿಡಿದು ಒಮ್ಮೆ ಓರೆ ಮಾಡಿದಳೆಂದರೆ ಅದು ಯಾವ ಮಗುವಿನದೆಂದು ಹೇಳಿಬಿಡುತ್ತಿದ್ದಳು. ‘ಇದು ದುರುಗಪ್ಪಂದು, ಸಿಟ್ಟು ಬಂದ್ರ ನೆಲಕ್ಕ ಬಡೀತಾನ. ಇದು ಲಕ್ಷ್ಮೀದು, ಅಂಚು ಕಚ್ಚಿ ಕಚ್ಚಿ ಇಟ್ಟಾಳ.’ ಒಂದಕ್ಷರವೂ ಬಾರದ ಹೆಂಗಸು ನೂರಕ್ಕೂ ಹೆಚ್ಚು ತಟ್ಟೆಗಳನ್ನು ಹೀಗೆ ಓದುವುದನ್ನು ಮೊದಲ ಸಲ ಕಂಡಾಗ ನಾನು ಬೆಪ್ಪಾಗಿ ನಿಂತಿದ್ದೆ.

ಮಸ್ಕಿಯಿಂದ ಒಳಗೆ, ದಿನಕ್ಕೆರಡು ಸಲ ಬಸ್ಸು ಬರುವ ಊರಿನ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಅವಳು ಬಿಸಿಯೂಟದ ಅಡುಗೆಯವಳು. ನನ್ನ ನಿಜವಾದ ಕಸುಬು ಚಿಂತೆ. ಸಿಲಿಂಡರ್ ಸಿಡಿದರೆ? ಸಾಂಬಾರಿನಲ್ಲಿ ಹಲ್ಲಿ ಬಿದ್ದಿದ್ದರೆ? ಶಾಲೆಗೆ ಬೀಗ ಹಾಕಿದೆನೋ ಇಲ್ಲವೋ ನೋಡಲು ಮಸ್ಕಿ ಬಸ್ ನಿಲ್ದಾಣದಿಂದ ಎರಡು ಸಲ ಮರಳಿ ಬಂದವನು ನಾನು. ಊಟದ ಹೊತ್ತಿಗೆ ಪಾತ್ರೆಯ ಸುತ್ತ ನಾನು ಸುಳಿಯುವುದನ್ನು ನೋಡಿ ಅವಳು, ‘ನಾ ಉಂಡು ಅರ್ಧ ತಾಸಾತ್ರಿ ಸರ, ಇನ್ನೂ ಜೀವ ಐತಿ. ಹುಡುಗ್ರಿಗೆ ನೀಡ್ಲೋ, ಸಂಜಿತನಕ ಕಾಯ್ಲೋ?’ ಎನ್ನುವಳು.

ಆ ಊರಲ್ಲಿ ಹೆಣ್ಣುಮಕ್ಕಳ ಓದು ಎಂಟಕ್ಕೆ ನಿಲ್ಲುತ್ತಿತ್ತು. ಒಂಬತ್ತಕ್ಕೆ ಮಸ್ಕಿಯ ಬಸ್ಸು ಹತ್ತಬೇಕು. ಹತ್ತಿಸುವ ಅಪ್ಪಂದಿರು ಕಡಿಮೆ. ಬಹಳ ಓಡಾಡಿದ ಮೇಲೆ ನಮ್ಮ ಶಾಲೆಗೇ ಒಂಬತ್ತನೆಯ ತರಗತಿ ಬಂತು. ಬಂದ ದಿನವೇ, ಅದು ಹೋದರೇನು ಗತಿ ಎಂಬ ಚಿಂತೆ ನನಗೆ ಹಿಡಿಯಿತು. ಮಕ್ಕಳು ಕಡಿಮೆಯಾದರೆ ತರಗತಿ ಮುಚ್ಚುತ್ತಾರೆಂದು ಹೆದರಿ, ಬಾರದ ಹುಡುಗಿಯರಿಗೂ ಹಾಜರಿ ಹಾಕತೊಡಗಿದೆ. ಅದು ಸುಳ್ಳೆಂದು ನನಗೆ ಅನ್ನಿಸಲೇ ಇಲ್ಲ. ಶಿಕ್ಷಣದ ಸೇವೆ ಎಂದುಕೊಂಡಿದ್ದೆ.

ಗಂಗಮ್ಮನ ದಾರಿ ಬೇರೆಯಿತ್ತು. ಯಾವ ಹುಡುಗಿಯಾದರೂ ನಾಲ್ಕು ದಿನ ಬಾರದಿದ್ದರೆ ಅವಳ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋಗುವಳು. ಅಪ್ಪನ ಮುಂದೆ ಅದನ್ನು ಕುಕ್ಕಿ, ‘ನಿನ್ನ ಮಗಳ ಖಾಲಿ ತಾಟು ನೋಡಿ ನೋಡಿ ನನಗ ಸಾಕಾಗೈತಿ. ಇನ್ನ ನೀನ ನೋಡ್ಕೋತ ಕುಂದ್ರು’ ಎಂದು, ಎರಡನೆಯ ಮಾತಿಗೆ ನಿಲ್ಲದೆ ಬರುವಳು. ನಾಚಿಕೆಗೋ, ಓಣಿಯವರು ನಕ್ಕಾರೆಂಬ ಅಂಜಿಕೆಗೋ, ಮರುದಿನ ತಟ್ಟೆ ಹಿಡಿದು ಹುಡುಗಿ ಹಾಜರ್. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಆ ವರ್ಷ ಸಿಂಧನೂರಿನ ಸಭೆಯೊಂದರಲ್ಲಿ, ನಮ್ಮ ಭಾಗದಲ್ಲಿ ಶಿಕ್ಷಣ ಹೇಗೆ ಬೆಳೆದಿದೆ ಎಂದು ಮಾತಾಡಲು ನನ್ನನ್ನು ಕರೆದರು. ಮೇಲಕ್ಕೇರುವ ಗೆರೆಯ ನಕ್ಷೆ ಬರೆದುಕೊಂಡು ಹೋದೆ. ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯೂ ಶಾಲೆ ಬಿಟ್ಟಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಸನ್ಮಾನವಾದವನ ಶಾಲೆಗೆ ತಪಾಸಣೆಯೂ ಬಂದೇ ಬರುತ್ತದೆ ಎಂಬ ಹೊಸ ಚಿಂತೆ ವಾಪಸಾಗುವಾಗ ಬಸ್ಸಿನಲ್ಲೇ ಹುಟ್ಟಿತು. ಮರುದಿನ ಅಡುಗೆ ಕೋಣೆಗೆ ಹೋಗಿ, ದಾನಿಗಳು ಕೊಟ್ಟಿದ್ದ ತಟ್ಟೆಗಳನ್ನು ಎಣಿಸಿದೆ. ಒಂದು ಕಡಿಮೆ. ಗಂಗಮ್ಮನನ್ನು ಕರೆದು, ಕಳ್ಳರನ್ನು ಕೇಳುವ ದನಿಯಲ್ಲಿ ಕೇಳಿದೆ.

ಅವಳು ಕೈ ಒರೆಸಿಕೊಂಡಳು. ‘ಅದು ಒಂಬತ್ತನೇದ್ರ ರೇಣುಕಾನ ತಾಟ್ರಿ. ಆಕಿ ಮನ್ಯಾಗ ಐತಿ.’

ರೇಣುಕಾ ದಿನಾ ಬರುತ್ತಿರುವಾಗ ತಟ್ಟೆ ಮನೆಯಲ್ಲೇಕೆ ಎಂದು ಕೇಳಿದೆ. ಅಷ್ಟು ಹೊತ್ತಿಗೆ ನನ್ನ ಸುಳ್ಳನ್ನು ನಾನೇ ನಂಬಿಯಾಗಿತ್ತು.

‘ನಿಮ್ಮ ಪುಸ್ತಕದಾಗ ಬರ್ತಿರಬೇಕ್ರಿ ಸರ,’ ಎಂದಳು. ‘ನನ್ನ ಪಂಕ್ತ್ಯಾಗ ಇಲ್ಲ. ತಾಟು ಒಯ್ದು ಕುಕ್ಕಿ ಬಂದ್ರೂ ಬರಲಿಲ್ಲ. ಇಪ್ಪತ್ತು ದಿನ ಆತು.’

ಇಬ್ಬರೂ ರೇಣುಕಾನ ಮನೆಗೆ ಹೋದೆವು. ಗೋಡೆಯ ಗೂಡಿನಲ್ಲಿ ತಟ್ಟೆ ಇತ್ತು, ಹುಡುಗಿ ಇರಲಿಲ್ಲ. ಅವಳಪ್ಪ ಹನುಮಂತಪ್ಪ ನಾವು ಬಂದದ್ದಕ್ಕೇ ಅಚ್ಚರಿಪಟ್ಟು ಹೇಳಿದ: ‘ಜ್ವರ ಬಂದು ಮಲಗಿದ್ಲ್ರಿ. ಅಷ್ಟರಾಗ ಗಂಗಮ್ಮ ಸಾಲಿಯಿಂದ ತಾಟು ತಂದು ಒಗದು ಹೋದ್ಲ್ರಿ. ಹೆಸರು ತಗದಾರ ಅಂತ ತಿಳ್ಕೊಂಡ್ವಿ. ಮೂರು ದಿನ ಅತ್ಲು. ಆಮ್ಯಾಲ ಹತ್ತಿ ಹೊಲಕ್ಕ ಹೋಗ್ಯಾಳ.’

ಗಂಗಮ್ಮ ಗೂಡಿನ ತಟ್ಟೆಯನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಯಾವ ಊರಿನ ಹೊಲವೆಂದು ಕೇಳಿದಳು. ನಾಲ್ಕನೆಯ ದಿನ ನಾನು ಗೈರು ಎಂದು ಬರೆದಿದ್ದರೆ ವಿಚಾರಿಸಲು ನಾನೇ ಬರಬೇಕಿತ್ತು. ಜ್ವರದ ಸಂಗತಿ ಗೊತ್ತಾಗುತ್ತಿತ್ತು. ಜಗತ್ತಿನ ಎಲ್ಲದಕ್ಕೂ ಅಂಜುವ ನನಗೆ ಈ ಅಂಜಿಕೆ ಮಾತ್ರ ಹೊಳೆದಿರಲಿಲ್ಲ.

ಮರುದಿನ ಗಂಗಮ್ಮ ಯಾರಿಗೂ ಹೇಳದೆ ಲಿಂಗಸುಗೂರಿನ ಕಡೆಯ ಬಸ್ಸು ಹತ್ತಿದಳು. ಅಲ್ಲಿ ಬೀಜದ ಹತ್ತಿಯ ಹೊಲಗಳಿವೆ. ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸಕ್ಕೆ ಹುಡುಗಿಯರ ಪುಟ್ಟ ಬೆರಳೇ ಬೇಕಂತೆ. ಎರಡು ದಿನದ ಮೇಲೆ ರೇಣುಕಾ ಶಾಲೆಗೆ ಬಂದಳು. ಗಂಗಮ್ಮ ಬರಲಿಲ್ಲ.

‘ಹೂವು ಮುಗಿಯೋತನ ಆಳು ಕಡಿಮಿ ಮಾಡಬ್ಯಾಡ್ರಿ ಅಂದ್ರು ಹೊಲದವರು,’ ಎಂದು ರೇಣುಕಾ ನೆಲ ನೋಡುತ್ತ ಹೇಳಿದಳು. ‘ನನ್ನ ಸಾಲು ಗಂಗಮ್ಮಾಯಿ ಹಿಡದಾಳ್ರಿ.’

ಒಲೆಯ ಕಾವಿಗೆ ದಪ್ಪಗಾದ ಆ ಬೆರಳುಗಳು ಹೂವು ಮುಟ್ಟುವುದನ್ನು ನೆನೆದೆ. ಇನ್ನು ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಬಾರದ ಹುಡುಗಿಯರಿಗೆ ಗೈರು ಹಾಕಿದೆ, ಮನೆಮನೆ ತಿರುಗಿದೆ. ಒಂಬತ್ತನೆಯ ತರಗತಿಯನ್ನು ಯಾರೂ ಮುಚ್ಚಲಿಲ್ಲ. ಅಡುಗೆಯವರ ಪುಸ್ತಕದಲ್ಲೂ ದಿನಾ ನಿಜವನ್ನೇ ಬರೆದೆ. ಗಂಗಮ್ಮ: ಗೈರು. ಗಂಗಮ್ಮ: ಗೈರು. ತಿಂಗಳು ತುಂಬುವುದರೊಳಗೆ ಅವಳ ಜಾಗಕ್ಕೆ ಬೇರೊಬ್ಬಳನ್ನು ನೇಮಿಸಿ ಕಾಗದ ಬಂತು. ಹುಡುಗಿಯರಿಗೆ ಧಾರಾಳವಾಗಿ ಹಾಕಿದ ಹಾಜರಿಯನ್ನು ಅವಳೊಬ್ಬಳಿಗೆ ಹಾಕಲು ನನಗೆ ಧೈರ್ಯ ಬಂದಿರಲಿಲ್ಲ. ಪ್ರಾಮಾಣಿಕತೆ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ಕಳೆದ ವರ್ಷ ಸಿಂಧನೂರಿನ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಅವಳು ಸಿಕ್ಕಳು. ಚೆಲ್ಲಿದ ಭತ್ತ ಗುಡಿಸುತ್ತಿದ್ದಳು. ನಾನು ತಡವರಿಸುತ್ತ ಕ್ಷಮೆ ಕೇಳತೊಡಗಿದರೆ ಕಸಬರಿಗೆ ನಿಲ್ಲಿಸಿ, ‘ನಾ ಬಂದಿದ್ದಿಲ್ಲ, ನೀವು ಇಲ್ಲ ಅಂತ ಬರದ್ರಿ. ಅದರಾಗೇನೈತ್ರಿ?’ ಎಂದಳು. ಆಮೇಲೆ ರೇಣುಕಾನ ಸುದ್ದಿ ಕೇಳಿದಳು. ಮರುವರ್ಷ ನಮ್ಮಲ್ಲೇ ಶುರುವಾದ ಹತ್ತನೆಯದು ಪಾಸಾಗಿ ಲಿಂಗಸುಗೂರಿನ ಕಾಲೇಜಿಗೆ ಸೇರಿದ್ದಾಳೆ ಎಂದೆ.

ಗಂಗಮ್ಮ ನನ್ನನ್ನು ನೆಟ್ಟಗೆ ನೋಡಿದಳು.

‘ಖರೇನ ಪಾಸಾಗ್ಯಾಳೇನ್ರಿ ಸರ, ಇಲ್ಲಾ ನೀವ ಬರಕೊಂಡೀರೇನ್ರಿ?’

ಅಣಕವಲ್ಲ, ತಿಳಿಯಬೇಕೆಂದೇ ಕೇಳಿದ್ದಳು. ಫೋನು ತೆಗೆದು, ರೇಣುಕಾ ಕಳಿಸಿದ್ದ ಅಂಕಪಟ್ಟಿಯ ಚಿತ್ರ ಹುಡುಕಿ ಅವಳ ಕೈಗೆ ಕೊಟ್ಟೆ. ಹೆಸರು ಓದಿ ಹೇಳಲು ಬಾಯಿ ತೆರೆದೆ. ಅವಳು ಅಷ್ಟರಲ್ಲೇ ಅತ್ತ ತಿರುಗಿ, ಚೀಲ ಹೊಲಿಯುತ್ತಿದ್ದ ಹಮಾಲಿಯ ಮುಂದೆ ಫೋನು ಹಿಡಿದು, ‘ಯಣ್ಣಾ, ಇದರಾಗ ಏನ್ ಬರದೈತಿ ಓದು’ ಎಂದಳು.