ಗಿರಣಿ ಸತ್ತೈತಿ

ಬಾಡಿಗೆಗೆ ಬಂದು ಮನೆಗೇ ಯಜಮಾನರಾಗುವ ಇಂಗ್ಲಿಷ್ ಶಬ್ದಗಳನ್ನು ಕಂಡರೆ ನನಗೆ ಸಿಟ್ಟು. ಇಡೀ ನೌಕರಿ ಸಾಲೆಯಲ್ಲಿ ಕನ್ನಡ ಕಲಿಸುತ್ತ ಕಳೆದವಳು, ಓಣಿಗೆಲ್ಲ ‘ಬಾಯಾರು’ ನಾನು, ಸಿಟ್ಟು ಬರದಿದ್ದರೆ ಹೇಗೆ? ಅವುಗಳಲ್ಲಿ ‘ಲೈನ್’ ಎಂಬುದು ಪಕ್ಕಾ ಕಳ್ಳ. ನಮ್ಮ ಅನಗೋಳದ ಓಣಿಯಲ್ಲಿ ರೇಷನ್ ಅಂಗಡಿಯ ಮುಂದೆ ನಿಂತರೆ ಅದು ಲೈನ್. ಅರಿವೆ ಒಣಹಾಕುವ ಹಗ್ಗವೂ ಲೈನ್, ಖಾನಾಪುರದ ಕಡೆ ಹೋಗುವ ರೈಲಿನ ಹಳಿಯೂ ಲೈನ್. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಹುಡುಗ ‘ನಾ ಮೋಲ್ಡಿಂಗ್ ಲೈನಿನ್ಯಾಗ ಅದೀನ್ರಿ’ ಎಂದು ಎದೆಯುಬ್ಬಿಸುತ್ತಾನೆ. ಅವನೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯರಿಗೆ ಹೊಡೆಯುವುದೂ ಲೈನೇ.

ಈ ಕಳ್ಳ ಶಬ್ದ ಒಂದು ಮಳೆಗಾಲದಲ್ಲಿ ನಮ್ಮ ಬಾಜು ಮನೆಯ ಸರದಾರಸಾಬರ ಜೀವ ತೆಗೆಯಲಿತ್ತು.

ಸರದಾರಸಾಬರು ಕರೆಂಟಿನ ಲೈನ್‌ಮನ್. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅನಗೋಳದಿಂದ ಹೊರಟರೆ ಖಾನಾಪುರದ ಕಾಡಂಚಿನ ಕಂಬಗಳೆಲ್ಲ ಅವರ ಸಂಸಾರ. ಕುಳ್ಳ ಮನುಷ್ಯ, ಬಾಯಿ ಮಾತ್ರ ದೊಡ್ಡದು. ನಮ್ಮ ಮನೆಯ ಗೋಡೆಗೂ ಅವರ ಗೋಡೆಗೂ ನಡುವೆ ಗಾಳಿ ಆಡಲೂ ಜಾಗವಿಲ್ಲ, ಹೀಗಾಗಿ ಅವರ ನಗು ನನಗೆ ಪುಕ್ಕಟೆ ಸಿಗುತ್ತಿತ್ತು. ಅವರ ಮನೆಯಾಕೆ ಶಾಹಜಾದಿ ಗಂಡನ ಜೊತೆ ಉರ್ದು ಆಡುತ್ತಾಳೆ, ಆದರೆ ಬೈಯುವಾಗ ಕನ್ನಡಕ್ಕೆ ಇಳಿಯುತ್ತಾಳೆ, ನನಗೂ ತಿಳಿಯಲಿ ಎಂದು.

ಅಂದು ಖಾನಾಪುರದಾಚೆಯ ಒಂದು ಸಣ್ಣ ವಾಡಿಯಲ್ಲಿ ಮರದ ಟೊಂಗೆ ಮುರಿದು ತಂತಿಯ ಮೇಲೆ ಬಿದ್ದಿತ್ತು. ಜೋರು ಮಳೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ‘ಲೈನ್ ಕ್ಲಿಯರ್’ ಪಡೆಯಬೇಕು. ಅಂದರೆ ಕರೆಂಟು ಬಂದ್ ಮಾಡಿದ್ದೇವೆ, ಹತ್ತು ಎಂಬ ಅಪ್ಪಣೆ. ಅಪ್ಪಣೆಯ ಜೊತೆ ಒಂದು ನಂಬರನ್ನೂ ಕೊಡುತ್ತಾರೆ. ಅಂದು ಫೋನಿನ ಬಳಿ ಕೂತವನು ಹೊಸಬ. ಮಳೆಯಲ್ಲಿ ಮಾತು ಕಡಿದು ಕಡಿದು ಬರುತ್ತಿತ್ತು.

“ಲೈನ್ ಕ್ಲಿಯರ್ ಐತೇನ್ರಿ?” ಎಂದು ಸರದಾರಸಾಬರು ಕೂಗಿದರು.

“ಹೂಂ, ಈಗ ಕ್ಲಿಯರ್ ಐತ್ರಿ,” ಎಂದ ಆತ.

ಈಗ ನಿಮ್ಮ ದನಿ ಸ್ಪಷ್ಟ ಕೇಳಿಸುತ್ತಿದೆ ಎಂದಷ್ಟೇ ಅವನ ಅರ್ಥ. ಪಾಪ, ಅವನು ಫೋನಿನ ಲೈನಿನ ಬಗ್ಗೆ ಹೇಳಿದ. ಇವರು ನಂಬರು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಇಷ್ಟು ವರ್ಷ ಹತ್ತಿದವರಿಗೆ ಭಂಡಧೈರ್ಯ ಇರುತ್ತದೆ. ಮೊಬೈಲು ನೆನೆಯಬಾರದೆಂದು ಬೈಕಿನ ಚೀಲದಲ್ಲಿಟ್ಟು ಹತ್ತಿಯೇಬಿಟ್ಟರು.

ಆ ಕಂಬದಲ್ಲಿ ಎರಡು ಅಂತಸ್ತು. ಕೆಳಗೆ ಮನೆಗಳಿಗೆ ಹೋಗುವ ತಂತಿ, ತುದಿಯಲ್ಲಿ ದೊಡ್ಡ ತಂತಿ. ಕೆಳಗಿನವುಗಳ ನಡುವೆ ಮೈ ತೂರಿಸಿ ಮೇಲೆ ಹೋಗಿ, ಬೆಲ್ಟು ಬಿಗಿದು, ಟೊಂಗೆಗೆ ಕೈ ಚಾಚಿದರು. ಚಾಚುವಾಗ ಕಣ್ಣು ಕೆಳಗೆ ಹೋಯಿತು. ಒಂದು ಮನೆಯ ಪಡಸಾಲೆಯಲ್ಲಿ ಬಲ್ಬು ಉರಿಯುತ್ತಿತ್ತು.

ಸರದಾರಸಾಬರು ಚಾಚಿದ ಕೈಯನ್ನು ಹಾಗೇ ಎದೆಗೆ ತಂದುಕೊಂಡರು. ಮೇಲೂ ಸಾವು, ಕೆಳಗೂ ಸಾವು. ಹತ್ತುವಾಗ ಪುಣ್ಯಕ್ಕೆ ಎಲ್ಲೂ ತಾಗಿರಲಿಲ್ಲ. ಈಗ ತೊಯ್ದು ತಪ್ಪಡಿಯಾದ ಮೈಯಿಂದ ಅದೇ ಸಂದಿಯಲ್ಲಿ ಇಳಿಯುವುದು ಆಗದ ಮಾತು. “ಬಾಯಾರ, ಇಲಿ ಬೋನಿನ್ಯಾಗ ಬಿದ್ದಾಗ ಹೊರಗಿಂದೆಲ್ಲಾ ಕಾಣ್ತೈತ್ರಿ ಅದಕ್ಕ,” ಎಂದು ಅವರು ಆಮೇಲೆ ನನಗೆ ಹೇಳಿದ್ದರು. “ದನಾ ಮೇಯಾಕತ್ತಿದ್ವು. ಗಿರಣಿ ಸಪ್ಪಳಾ ಕೇಳತಿತ್ತು. ನಾ ಒಬ್ಬಾವ ಎಲ್ಲೂ ಇದ್ದಿಲ್ಲ.”

ಆ ಬಲ್ಬಿನ ಮನೆಯವಳು ಕಾಡವ್ವ ಎಂಬ ಮುದುಕಿ. ಇವರು ಗಂಟಲು ಹರಿಯುವಂತೆ ಕೂಗಿದರು: “ಯವ್ವಾ, ಲೈನ್ ಬಂದ್ ಮಾಡಸ ಬೇ!”

ಕಾಡವ್ವ ಮೇಲೆ ನೋಡಿದಳು, ಒಳಗೆ ಹೋದಳು. ಬಲ್ಬು ಆರಿತು. ಹೊರಗೆ ಬಂದು ಸೆರಗು ತಲೆಗೆ ಹೊದ್ದು, “ಮಾಡೇನಿ ತಮ್ಮಾ, ಲೈನ್ ಬಂದ್ ಮಾಡೇನಿ,” ಎಂದಳು. ಅವಳಿಗೆ ಲೈನ್ ಎಂದರೆ ತನ್ನ ಪಡಸಾಲೆಯ ಬಟನ್.

ಬಲ್ಬು ಆರಿದ್ದೇ ತಡ ಸರದಾರಸಾಬರು ಬೆಲ್ಟಿನ ಕೊಂಡಿಗೆ ಕೈ ಹಾಕಿದ್ದರು. ಆಗ ಗಿರಣಿ ಕೇಳಿಸಿತು. ಅದೇ ಕರೆಂಟಿನ ಮೇಲೆ ಓಡುವ ಹಿಟ್ಟಿನ ಗಿರಣಿ ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ಕೈ ಕೊಂಡಿಯ ಮೇಲೇ ನಿಂತಿತು. ಒಂದೇ ಶಬ್ದ ಒಂದೇ ಮಧ್ಯಾಹ್ನದಲ್ಲಿ ಅವರನ್ನು ಎರಡು ಸಲ ಕೊಲ್ಲಲು ನೋಡಿತ್ತು. ಅವರು ಮತ್ತೆ ಆ ಶಬ್ದ ಆಡಲಿಲ್ಲ.

“ಯವ್ವಾ, ಈ ತಂತಿ ಮುಟ್ಟಿದ್ರ ನಾ ಸಾಯ್ತೇನಿ. ಗಿರಣಿ ಸಾಯೂತನಕ ನಾ ಇಳ್ಯಾಂಗಿಲ್ಲ. ಗಿರಣ್ಯಾವಗ ಹೇಳ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಂತ.”

ಅಳುತ್ತ ಹೇಳಿದರಂತೆ. ಈಗ ಕಾಡವ್ವನಿಗೆ ತಿಳಿಯಿತು. ಆ ವಯಸ್ಸಿನಲ್ಲಿ, ಆ ಕೆಸರಿನಲ್ಲಿ, ಚಪ್ಪಲಿ ಬಿಟ್ಟು ಓಡಿದಳು.

ಸ್ವಲ್ಪ ಹೊತ್ತಿಗೆ ಗಿರಣಿ ನಿಂತಿತು. ಸರದಾರಸಾಬರು ಇಳಿಯಲಿಲ್ಲ. ಮುದುಕಿಯ ಮಾತು ಕೇಳಿಸಲಿ ಎಂದು ಗಿರಣಿಯವನೇ ಬಟನ್ ಒತ್ತಿ ನಿಲ್ಲಿಸಿರಬಹುದಲ್ಲ? ನಿಜಕ್ಕೂ ಹಾಗೇ ಆಗಿತ್ತು. ದಿನಾ ‘ಕರೆಂಟ್ ಯಾವಾಗ ಕೊಡ್ತೀರಿ’ ಎಂದು ಸಬ್‌ಸ್ಟೇಷನ್ನಿನವರ ತಲೆ ತಿನ್ನುತ್ತಿದ್ದ ಆ ಮನುಷ್ಯ ಅಂದು ಮೊದಲ ಸಲ ‘ತೆಗೀರಿ’ ಎಂದು ಬೇಡಿಕೊಳ್ಳುತ್ತಿದ್ದ. ಕಂಬದ ಮೇಲಿದ್ದವರಿಗೆ ಅದೇನು ಗೊತ್ತು? ಕಣ್ಣು ಮುಚ್ಚಿ ಕಲ್ಮಾ ಹೇಳುತ್ತ, ನಡುವೆ ಮಗಳ ಹೆಸರು ಹೇಳುತ್ತ ಕಂಬಕ್ಕೆ ಅಂಟಿಕೊಂಡಿದ್ದರು.

ಕೊನೆಗೆ ಕಾಡವ್ವ ಕಂಬದ ಬುಡಕ್ಕೆ ಬಂದಳು. “ಗಿರಣಿ ಸತ್ತೈತಿ ತಮ್ಮಾ. ಮತ್ತ ಮತ್ತ ಬಟನ್ ಒತ್ತಿ ನೋಡೇವಿ, ಏಳವಲ್ದು. ಇಳಿ.”

ಇಳಿದರು. ಕಾಡವ್ವನ ಕಾಲು ಹಿಡಿದರು. ಅಂದಿನಿಂದ ಅವರು ಕಂಬ ಹತ್ತಿಲ್ಲ. ಹತ್ತಲು ಹೋದರೆ ಮೂರನೆಯ ಹೆಜ್ಜೆಗೆ ಕೈ ಮರಗಟ್ಟುತ್ತದೆ. ಮೇಲಿನವರು ಕನಿಕರಪಟ್ಟು ಕೂರುವ ಕೆಲಸ ಕೊಟ್ಟರು. ಎಲ್ಲಿ? ಅದೇ ಸಬ್‌ಸ್ಟೇಷನ್ನಿನ ಫೋನಿನ ಮುಂದೆ. ಬೆಳಗಿನಿಂದ ಸಂಜೆಯ ತನಕ ಅವರ ಕಿವಿಗೆ ಬೀಳುವುದು ಒಂದೇ ಪ್ರಶ್ನೆ: ‘ಲೈನ್ ಕ್ಲಿಯರ್ ಐತೇನ್ರಿ?’

ಮೊನ್ನೆ ಅವರ ಮನೆಯಲ್ಲಿ ಕೂತಿದ್ದೆ. ಶಾಹಜಾದಿ ಚಟ್ನಿಗೆ ಅಗಸಿ ಹುರಿಯುತ್ತಿದ್ದಳು. ಹೊರಗೆ ಹೊತ್ತು ಮುಳುಗಿತ್ತು, ಗಂಡ ಇನ್ನೂ ಬಂದಿರಲಿಲ್ಲ, ಅವಳ ಕಣ್ಣು ಬಾಗಿಲಲ್ಲೇ ಇತ್ತು. ಅವಳ ಮಗಳು ಸನಮ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ನನ್ನನ್ನು ಕೆಣಕಲೆಂದೇ, “ಲೈನ್ ಅನ್ನೂದು ಎಲ್ಲಿಂದ ಬಂದೈತಿ ಗೊತ್ತೇನ್ರಿ ಬಾಯಾರ?” ಎಂದಳು. “ಲ್ಯಾಟಿನ್ನಿನ್ಯಾಗ ಅಗಸಿ ಗಿಡಕ್ಕ ಲೀನಮ್ ಅಂತಾರ್ರಿ. ಅದರ ನಾರಿನ ದಾರನ ಮೊದಲನೇ ಲೈನ್. ಲಿನನ್ ಅರಿವಿನೂ ಅದರಿಂದನ ಬಂದೈತಿ.”

ಇಷ್ಟು ದಿನ ನಾನು ಕಳ್ಳ ಎಂದು ಬೈದದ್ದು ನಮ್ಮ ಚಟ್ನಿಯ ಬಳಗವೆಂದು ತಿಳಿದು ನನ್ನ ಮುಖ ಸಣ್ಣದಾಯಿತು. ಸೋಲೊಪ್ಪದೆ, “ನಮ್ಮಲ್ಲಿ ಊರ ಬಾಗಲಕ್ಕೂ ಅಗಸಿ ಅಂತಾರ ತಂಗಿ,” ಎಂದೆ.

ಅಷ್ಟರಲ್ಲಿ ಒಳಗೆ ಬಂದ ಸರದಾರಸಾಬರಿಗೆ ನಮ್ಮ ಮಾತೆಲ್ಲ ಕೇಳಿಸಿತ್ತು. “ಬಾಗಲಾ ಅಂದ್ರ ಒಳಗ ಬರಾಕ ಇಲ್ಲಾ ಹೊರಗ ಹೋಗಾಕ ಇರ್ತೈತ್ರಿ ಬಾಯಾರ. ಕಂಬದ ಮ್ಯಾಲ ಆ ಶಬ್ದ ನನಗ ಎರಡಕ್ಕೂ ಬರ್ಲಿಲ್ಲ,” ಎಂದರು. ನಗಲಿಲ್ಲ.

ಅವರು ಫೋನಿನಲ್ಲಿ ‘ಲೈನ್ ಕ್ಲಿಯರ್’ ಎನ್ನುವುದಿಲ್ಲವಂತೆ. ಸ್ವಿಚ್ಚು ತೆಗೆದು, ಮತ್ತೊಮ್ಮೆ ನೋಡಿ, ನಂಬರು ಕೊಟ್ಟು, “ಗಿರಣಿ ಸತ್ತೈತಿ, ಹತ್ತು. ಇಳದ ಮ್ಯಾಲ ಫೋನ್ ಮಾಡು,” ಎನ್ನುತ್ತಾರೆ. ಮೇಲಿನ ಸಾಹೇಬರು ಬೈದು ಬೈದು ಬೇಸತ್ತರು. ಖಾನಾಪುರದ ಲೈನ್‌ಮನ್‌ಗಳಿಗೆ ಮಾತ್ರ ಈಗ ಆ ಮಾತು ಕೇಳದೆ ಕಾಲು ಏಳುವುದಿಲ್ಲ.

“ಬಸ್ ಸಿಗಲಿಲ್ಲೇನು? ಇಷ್ಟ್ಯಾಕ ಹೊತ್ತಾತು?” ಎಂದು ಶಾಹಜಾದಿ ಕೇಳಿದಳು, ಕನ್ನಡದಲ್ಲೇ.

“ಎರಡು ಬಸ್ ಬಿಟ್ಟೆ. ಕಂಬಾ ಏರಿದ್ದ ಹುಡುಗ ಇನ್ನೂ ಇಳದಿದ್ದಿಲ್ಲ. ಅವನ ಫೋನ್ ಬರೂತನಕ ಹ್ಯಾಂಗ ಏಳ್ಲಿ?”

ಶಾಹಜಾದಿ ತಾಟು ಇಟ್ಟಳು.

“ಇಳ್ಯಾವ್ರು ಯಾರು ಬಾಕಿ ಇದ್ರು,” ಎಂದಳು, “ಅವನೋ, ನೀವೋ?”

ಸರದಾರಸಾಬರು ಕೈ ತೊಳೆದುಕೊಂಡು ಊಟಕ್ಕೆ ಕೂತರು.