ಮಾವ, ಸುತ್ತಿಗೆ ಮತ್ತು ನಾನು ಬಟ್ಟೆ ಸುತ್ತಿಸಿದ ಕಂಬ

ಮಧ್ಯಾಹ್ನ ಎರಡೂವರೆ. ಧಡ್! ರಾತ್ರಿಯಿಡೀ ಅತ್ತು ಆಗಷ್ಟೇ ಮಲಗಿದ್ದ ಮಗು ಎದ್ದಿತು, ಜೊತೆಗೆ ನಾನೂ. ಹೊರಗೆ ಬೆಳಗೋಡಿನಿಂದ ಬಂದ ನೆಂಟರೊಬ್ಬರು ನಮ್ಮ ಪೋರ್ಟಿಕೋ ಕಂಬಕ್ಕೆ ಸುತ್ತಿಗೆಯಲ್ಲಿ ಬಾರಿಸುತ್ತಿದ್ದರು.

ತಪ್ಪು ನನ್ನದೇ, ಸ್ನೇಹಿತರೇ. ಜೀಪು ಗುದ್ದಿ ಬಿರುಕು ಬಿಟ್ಟಿದ್ದ ಆ ಕಾಂಕ್ರೀಟ್ ಕಂಬಕ್ಕೆ ಫೈಬರ್ ಬಟ್ಟೆ ಸುತ್ತಿಸಿ ಅಂಟು ಬಳಿಸಿದವಳು ಸಿವಿಲ್ ಓದಿದ ನಾನು. "ಇನ್ನು ಗುದ್ದಿದ್ರೂ ತಡೆಯುತ್ತೆ ಮಾವ" ಅಂದಿದ್ದೆ. ಅಂದಿನಿಂದ ಮನೆಗೆ ಬಂದವರಿಗೆ ಮೊದಲು ಕಾಫಿ, ಆಮೇಲೆ ಸುತ್ತಿಗೆ.

ಪಕ್ಕದಲ್ಲೇ ನಿಂತ ಮಾವ ನೆಂಟರನ್ನು ಹುರಿದುಂಬಿಸುತ್ತಿದ್ದರು: "ಜೋರಾಗಿ ಹೊಡಿಯೋ ಮಾರಾಯ! ನಮ್ ಸೊಸೆ ಸುತ್ತಿಸಿರೋದು ಕಣೋ, ಗಟ್ಟಿ ಐತೆ!"

"ಮಾವ, ಹೊರಗೆ ಕಾಣದಿದ್ರೂ ಒಳಗೆ ಒಡೆದಿರಬಹುದು. ಮೇಲೆ ನೀರಿನ ಟ್ಯಾಂಕು, ಪಕ್ಕದ ರೂಮಲ್ಲೇ ತೊಟ್ಟಿಲು!"

"ನಿದ್ದೆಗೆಟ್ಟು ಹೆದರ್ಕಂಡಿದ್ದೀಯ ಕಣವ್ವ. ನೀನ್ ಮಾಡಿದ್ರ ಮೇಲೆ ನಿಂಗೇ ನಂಬ್ಕೆ ಇಲ್ವಾ?"

ನಾಳೆ ತಿಂಡಿಯಾದ ಮೇಲೆ ಮಾವ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟು ಕಂಬಕ್ಕೆ ಗುದ್ದಿಸುತ್ತಾರಂತೆ. ನೋಡಲು ಹೆತ್ತೂರಿನ ಬೀಗರನ್ನೂ ಕರೆದಿದ್ದಾರೆ.

ನಿಮ್ಮಲ್ಲಿ ಎಂಜಿನಿಯರ್ ಯಾರಾದರೂ ಇದ್ದರೆ, ಬೆಳಗಾಗುವುದರೊಳಗೆ ಮಾವನಿಗೆ ಫೋನ್ ಮಾಡಿ. ನಿಮ್ಮ ಸೊಸೆಗೆ ಏನೂ ಗೊತ್ತಿಲ್ಲ, ಕಂಬ ಮುಟ್ಟಿದರೆ ಬೀಳುತ್ತೆ ಅಂತ ಹೇಳಿ, ನನಗೇನೂ ಬೇಜಾರಿಲ್ಲ. ಅವರ ನಂಬರ್ ಕೇಳಿದವರಿಗೆ ಕಳಿಸುತ್ತೇನೆ. ನನ್ನ ಫೋನಿಗೆ ಮಾತ್ರ ಮಾಡಬೇಡಿ ದಯವಿಟ್ಟು, ಮಗು ಈಗಷ್ಟೇ ಮಲಗಿದೆ.