ಆಯಿಯ ಒರತೆ

ನಾನು ಈಗಿರುವ ಸಾಂಗಲಿಯ ಓಣಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಹಾಲು ತರಲು ಇಳಿದಾಗ ಗೌಂಡಿಯೊಬ್ಬ ರಸ್ತೆಬದಿಯ ಮರಳಿನ ರಾಶಿಗೆ ನೀರು ಚಿಮುಕಿಸುತ್ತಿದ್ದ. ಒದ್ದೆ ಮರಳಿನ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಾಲು ನಿಂತುಬಿಟ್ಟವು. ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಮರಳಿನ ವಾಸನೆ ಬೇರೆಯೇ. ಅದರಲ್ಲಿ ತುಸು ಪಾಚಿ, ತುಸು ಕಬ್ಬಿಣ, ನೆರಳಿನ ತಂಪು. ಇದು ಯಾವ ಹೊಳೆಯಿಂದ ಕದ್ದು ತಂದ ಮರಳೋ ಎಂಬ ಸಂಶಯವೂ ಬೆನ್ನಿಗೇ ಬಂತು. ನನ್ನ ಸ್ವಭಾವವೇ ಹಾಗೆ. ಹಾಲಿನ ಪಾಕೀಟನ್ನು ಎರಡು ಸಲ ಒತ್ತಿ ನೋಡುತ್ತೇನೆ, ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುತ್ತೇನೆ, ಯಾರಾದರೂ ಕಾರಣವಿಲ್ಲದೆ ನಕ್ಕರೆ ಕಾರಣ ಹುಡುಕುತ್ತೇನೆ. ಇದು ನನಗೆ ಆಯಿಯಿಂದ, ಎಂದರೆ ಅಪ್ಪನ ತಾಯಿಯಿಂದ, ಬಂದ ಆಸ್ತಿ. ಉಳಿದ ಆಸ್ತಿಯೆಲ್ಲ ಕರಗಿತು, ಇದೊಂದು ಮಾತ್ರ ಹಾಗೇ ಇದೆ.

ನಮ್ಮ ಮನೆ ಇದ್ದದ್ದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತದ ಅಂಚಿನಲ್ಲಿ, ಬಿಳೂರಿನ ಕಡೆ ಹೋಗುವ ರಸ್ತೆ ಊರು ಬಿಡುವ ಜಾಗದಲ್ಲಿ. ಅಲ್ಲೊಂದು ಸೇತುವೆ, ಅದರ ಕೆಳಗೆ ಹೊಳೆ. ನಾವು ಹೊಳೆ ಎನ್ನುತ್ತಿದ್ದೆವು. ಬೇರೆ ಊರಿನಿಂದ ಬಂದ ನೆಂಟರು ಸೇತುವೆಯ ಮೇಲೆ ನಿಂತು ನೀರೆಲ್ಲಿ ಎಂದು ಕೇಳಿ ನಗುತ್ತಿದ್ದರು. ವರ್ಷದ ಎಂಟು ತಿಂಗಳು ಅಲ್ಲಿ ಮರಳು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಾಗಂತ ಅದು ಖಾಲಿಯೂ ಅಲ್ಲ. ಸೇತುವೆಯ ಒಂದು ಕಮಾನಿನ ಕೆಳಗೆ ಕ್ಷೌರದವನು ಕನ್ನಡಿ ತೂಗುಹಾಕಿದ್ದ, ಇನ್ನೊಂದರ ಕೆಳಗೆ ದರಿಬಡಚಿಯಿಂದ ಸಂತೆಗೆ ಬಂದ ಕುರಿಗಳು ಮಲಗುತ್ತಿದ್ದವು. ದಂಡೆಯ ಮೇಲಿನ ನಮ್ಮ ಇಪ್ಪತ್ತು ಮನೆಗಳಲ್ಲಿ ಜಗಳ ಕನ್ನಡದಲ್ಲಿ ಶುರುವಾಗುತ್ತಿತ್ತು, ಅರ್ಜಿ ಮರಾಠಿಯಲ್ಲಿ ಹೋಗುತ್ತಿತ್ತು. ಜಗಳ ಬಹುಮಟ್ಟಿಗೆ ನೀರಿನದೇ. ನೀವು ಇಂಥ ಊರಿನವರಾದರೆ ನಾನು ಹೇಳಬೇಕಾಗಿಯೇ ಇಲ್ಲ.

ಬೇಸಿಗೆ ಬಂತೆಂದರೆ ಪ್ರತಿ ಮನೆಯವರೂ ಹೊಳೆಯ ಮರಳಿನಲ್ಲಿ ತಮ್ಮದೊಂದು ಒರತೆ ತೋಡುತ್ತಿದ್ದರು. ಸೊಂಟದ ಆಳ ತೋಡಿದರೆ ತಳದಲ್ಲಿ ನೀರು ಜಿನುಗುತ್ತಿತ್ತು. ನಿಂತ ನೀರನ್ನು ಬೆಳಿಗ್ಗೆ ಮೊದಲು ಮೊಗೆದು ಹೊರಗೆ ಚೆಲ್ಲಬೇಕು. ಆಮೇಲೆ ಜಿನುಗಿದ್ದು ಕುಡಿಯಲು. ಸಂಜೆ ಜಾಲಿಯ ಮುಳ್ಳು ಮುಚ್ಚಿ ಬರಬೇಕು. ಒಬ್ಬರ ಒರತೆಗೆ ಇನ್ನೊಬ್ಬರು ನೀರು ಮೊಗೆಯುವ ಚಿಪ್ಪು ಇಳಿಸಬಾರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಆಯಿಗೆ ಮಾತ್ರ ಆ ನಂಬಿಕೆ ಸಾಲದು. ಮುಳ್ಳು ಮುಚ್ಚಿದ ಮೇಲೆ ಸುತ್ತಲಿನ ಮರಳನ್ನು ಬಾರಿಗೆಯಿಂದ ಗುಡಿಸಿ ನುಣ್ಣಗೆ ಮಾಡುತ್ತಿದ್ದಳು, ಹೆಜ್ಜೆ ಮೂಡಿದರೆ ಕಾಣಲಿ ಎಂದು. ನೀರಿನ ಮಟ್ಟಕ್ಕೆ ಸರಿಯಾಗಿ ಗುಂಡಿಯ ಗೋಡೆಗೊಂದು ಬೇವಿನ ಕಡ್ಡಿ ಚುಚ್ಚುತ್ತಿದ್ದಳು. ಸೊಸೆ ಅಡುಗೆಗೆ ಎಣ್ಣೆ ಹೆಚ್ಚು ಸುರಿಯುತ್ತಾಳೆಂದು ಅವಳಿಗೆ ಸಂಶಯ, ಗಿರಣಿಯವನು ಹಿಟ್ಟು ಉಳಿಸಿಕೊಳ್ಳುತ್ತಾನೆಂದು ಸಂಶಯ, ಅಪ್ಪ ಹೊರಗೆ ಚಹಾ ಕುಡಿದು ಬಂದು ಮನೆಯಲ್ಲೂ ಕುಡಿಯುತ್ತಾನೆಂದು ಸಂಶಯ. ನನ್ನ ಮೇಲೆ ಮಾತ್ರ ಇಲ್ಲ. ನಾನು ಹೇಳಿದ್ದೆಂದರೆ ಮುಗಿಯಿತು, ಮತ್ತೆ ಕೇಳುತ್ತಿರಲಿಲ್ಲ. ಹತ್ತು ವರ್ಷದವಳಿಗೆ ಅದು ಎಂಥ ಜಂಬ!

ನಮ್ಮ ಒರತೆಯ ಕೆಳಮಗ್ಗುಲಿಗೆ ಶಾಂತವ್ವನ ಒರತೆ. ಅವರದು ಬೌದ್ಧರಾದ ದಲಿತರ ಮನೆ, ಕೂಲಿಯ ಮೇಲೆ ನಡೆಯುತ್ತಿದ್ದ ಸಂಸಾರ. ಮಗಳು ಸುಜಾತಾ ನನ್ನ ಸಾಲೆಯ ಗೆಳತಿ, ಒಂದೇ ಬೆಂಚು. ಆದರೆ ಅವರ ಕೈ ತಾಗಿದ ನೀರನ್ನು ಆಯಿ ಕುಡಿಯುತ್ತಿರಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು, ನನಗೂ. ಆದರೂ ಸಾಲೆಯಿಂದ ಬರುವಾಗ ನಾವಿಬ್ಬರೂ ಹೊಳೆಗಿಳಿದು, ಆಯಿ ನಿದ್ದೆ ಹೋದ ಹೊತ್ತು ನೋಡಿ, ಮುಳ್ಳು ಸರಿಸಿ ನಮ್ಮ ಒರತೆಯಲ್ಲಿ ಬೊಗಸೆ ಅದ್ದುತ್ತಿದ್ದೆವು. ನೀರು ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಆಮೇಲೆ ನಾನೇ ಹೆಜ್ಜೆಗಳನ್ನು ಒರೆಸಿ ಬಾರಿಗೆಯ ಗೆರೆಗಳನ್ನು ಮತ್ತೆ ಎಳೆಯುತ್ತಿದ್ದೆ. ಆ ವಿದ್ಯೆ ಆಯಿಯಿಂದಲೇ ಕಲಿತದ್ದು.

ಆ ವರ್ಷ ಆಯಿಯ ಮೊಣಕಾಲು ಬಾತವು. ಬಗ್ಗಿ ಹಳೇ ನೀರು ಚೆಲ್ಲಲು ಆಗುತ್ತಿರಲಿಲ್ಲ. ಇನ್ನೊಬ್ಬರಿಗೆ ಆ ಕೆಲಸ ಬಿಡಲು ಮನಸ್ಸೂ ಇರಲಿಲ್ಲ. ನೀರಿಗೆ ವಾಸನೆ ಹಿಡಿಯಿತು. ಸುಜಾತಾಳಿಗೆ ಜುಲಾಬು ಹತ್ತಿ ನಾಲ್ಕು ದಿನ ಸಾಲೆಗೆ ಬರಲಿಲ್ಲ. ಅದಾದ ಮೇಲೆಯೇ ಆಯಿ ಒಂದು ಮುಂಜಾನೆ ಒರತೆಯಿಂದ ಮುಖ ಗಂಟಿಕ್ಕಿಕೊಂಡು ಬಂದಳು. ನೀರು ಕಡ್ಡಿಗಿಂತ ಗೇಣು ಕೆಳಗಿತ್ತು, ಮರಳಿನ ಮೇಲೆ ಬರಿಗಾಲಿನ ಹೆಜ್ಜೆ ಮೂಡಿದ್ದವು. ಮರುದಿನವೂ ಹಾಗೇ. ಮೂರನೆಯ ದಿನ ಆಯಿ ನನ್ನನ್ನು ಬೆಳಕು ಹರಿಯುವ ಮುಂಚೆಯೇ ಎಬ್ಬಿಸಿ ಸೇತುವೆಯ ಕಂಬದ ಹಿಂದೆ ಕಾಯಲು ಕಳಿಸಿದಳು.

ಬಂದವಳು ಶಾಂತವ್ವ. ಕೈಯಲ್ಲಿ ಕೊಡ ಇರಲಿಲ್ಲ, ತೆಂಗಿನ ಚಿಪ್ಪು ಮಾತ್ರ ಇತ್ತು. ಮುಳ್ಳು ಸರಿಸಿ ಕೂತು ನಿಂತ ನೀರನ್ನು ಮೊಗೆಮೊಗೆದು ಪಕ್ಕದ ಮರಳಿಗೆ ಚೆಲ್ಲಿದಳು. ತಳ ಕಂಡಿತು, ತಿಳಿನೀರು ಜಿನುಗತೊಡಗಿತು. ಏಳುವಾಗ ನನ್ನನ್ನು ಕಂಡಳು. ಬೆದರಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ನೀವಿಬ್ರೂ ಇಲ್ಲೇ ನೀರ ಕುಡೀತೀರಿ ಅಂತ ಸುಜಿ ಹೇಳ್ಯಾಳ. ಕೆಟ್ಟ ನೀರ ಕುಡದು ನಿನಗೂ ಹಂಗ ಆದೀತು ಕೂಸ. ಯಾರ ಮುಂದೂ ಹೇಳಬ್ಯಾಡ."

ಮನೆಗೆ ಬಂದಾಗ ಆಯಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಯಾರೆಂದು ಕೇಳಿದಳು, ಹೇಳಿದೆ. ಕೊಡ ತುಂಬಿಕೊಂಡು ಹೋದಳೇನು ಎಂದು ಕೇಳಿದಳು. ಇಲ್ಲ, ಚೆಲ್ಲಿದಳು ಎಂದರೆ ಯಾಕೆ ಚೆಲ್ಲಿದಳು ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆಯೇ ಸುಜಾತಾಳ ಬೊಗಸೆ ಹೊರಬೀಳುತ್ತದೆ. ನಾನು ತಲೆಯಾಡಿಸಿ ಹೌದೆಂದೆ. ಅಷ್ಟೇ ಸಾಕಾಯಿತು.

ಆಯಿ ಕೂಗಾಡಲಿಲ್ಲ. ನಾಲ್ಕು ಮನೆಯ ಹೆಂಗಸರು ನೀರಿಗೆ ಇಳಿದಿದ್ದಾಗ ಕೋಲೂರಿಕೊಂಡು ಹೋಗಿ, ನಮ್ಮ ಒರತೆಯ ನೀರು ಕದ್ದವಳು ಇವಳೇ, ನನ್ನ ಮೊಮ್ಮಗಳು ಕಣ್ಣಾರೆ ಕಂಡಿದ್ದಾಳೆ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಶಾಂತವ್ವನೂ ನೋಡಿದಳು. ಅವಳು ಬಾಯಿ ತೆರೆದಿದ್ದರೆ ಆವತ್ತು ನನ್ನ ಬೆನ್ನು ಉಳಿಯುತ್ತಿರಲಿಲ್ಲ. ಮಗಳ ಮೇಲೆ ಬರುವ ಮಾತಿಗೂ ಹೆದರಿದ್ದಿರಬೇಕು, ನನಗೆ ಗೊತ್ತಿಲ್ಲ. ಅವಳು ಹೇಳಿದ್ದು ಇಷ್ಟೇ, "ಕೂಸು ಅಂದದ್ದ ಖರೇ ಇರಲಿ ಬಿಡ್ರಿ ಆಯಿ."

ಮರುದಿನ ಅವರು ತಮ್ಮ ಒರತೆ ಮುಚ್ಚಿ, ದೂರದ ತಿರುವಿನಲ್ಲಿ ಬೇರೆ ತೋಡಿಕೊಂಡರು. ಸುಜಾತಾ ಬೇರೆ ಬೆಂಚಿಗೆ ಹೋದಳು. ದಸರೆಯ ನಂತರ ಅವರ ಮನೆಯವರೆಲ್ಲ ಕಬ್ಬು ಕಡಿಯಲು ಹೋದರು. ಹಾಗೆ ಹೋದ ಉಳಿದ ಮನೆಯವರು ಬೇಸಿಗೆಗೆ ತಿರುಗಿ ಬಂದರು, ಇವರು ಬರಲಿಲ್ಲ. ಮನೆಯ ಮಾಡಿನ ತಗಡಿನ ಪತ್ರಾಸುಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಒರತೆ ತೋಡುತ್ತೇನೆಂದರೂ ಮರಳೇ ಇಲ್ಲ. ಟ್ರ್ಯಾಕ್ಟರುಗಳು ಹೊತ್ತೊಯ್ದ ಮೇಲೆ ಉಳಿದದ್ದು ಬಂಡೆ, ಬಳ್ಳಾರಿ ಜಾಲಿ, ಪ್ಲಾಸ್ಟಿಕ್ ಚೀಲ. ದಂಡೆಯ ಮನೆಗಳಿಗೆ ನಳ ಬಂದಿದೆ. ನಮ್ಮ ಮನೆಯಿದ್ದಲ್ಲಿ ಯಾರದೋ ಗೊಬ್ಬರದ ಗೋದಾಮು. ಹೆಜ್ಜೆ ನೋಡಿ ಇಂಥವರೆಂದು ಹೇಳಬಲ್ಲ ಒಬ್ಬರೂ ಅಲ್ಲಿಲ್ಲ.

ಗೋದಾಮು ಬರುವ ಮುಂಚೆ, ಆ ಮನೆಯಲ್ಲೇ ಆಯಿ ಹಾಸಿಗೆ ಹಿಡಿದಳು. ಡಾಕ್ಟರು ಬರೆದ ಗುಳಿಗೆಯ ಮೇಲೆ ಅವಳಿಗೆ ಸಂಶಯ, ಅವ್ವ ಕಾಸಿದ ಗಂಜಿಯ ಮೇಲೆ ಸಂಶಯ. ಕಾಲೇಜು ಬಿಟ್ಟು ಬಂದ ನನ್ನ ಕೈಯಿಂದ ಮಾತ್ರ ಎರಡನ್ನೂ ತೆಗೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಇನ್ನು ತಡೆಯಲಾರೆ ಎನಿಸಿತು. ಶಾಂತವ್ವ ನೀರು ಕದ್ದಿರಲಿಲ್ಲ, ಹಳೇ ನೀರು ಚೆಲ್ಲಿ ಒರತೆ ಹಸನು ಮಾಡುತ್ತಿದ್ದಳು, ಸುಜಾತಾಳಿಗೆ ಆ ನೀರು ಕುಡಿಸಿದವಳು ನಾನು, ಸುಳ್ಳು ಹೇಳಿದವಳೂ ನಾನೇ ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ. ಬೈಯಲಿ, ಮುಖ ತಿರುಗಿಸಲಿ, ಏನಾದರೂ ಆಗಲಿ ಎಂದು ಕಾದೆ.

ಆಯಿ ಬಾಗಿಲ ಕಡೆ ಕಣ್ಣು ಹೊರಳಿಸಿ, ಯಾರೂ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೈ ಹಿಡಿದು ಕೇಳಿದಳು.

"ನಿನಗ ಹಿಂಗ ಹೇಳಾಕ ಯಾರು ಕಲಿಸಿ ಕೊಟ್ರು ಕೂಸ?"